ಕಾಯುವ ವೇಳೆಗೊಂದು ಕೆಲಸ

‘ಬಾಯಿ ಕಟ್ಟಬೇಕು’ ಎಂದು ಮಧುಮೇಹದ ರೋಗಿಗಳಿಗೆ ನಾವು ದಶಕಗಳಿಂದ ಹೇಳುತ್ತ ಬಂದಿದ್ದೇವೆ. ಕಟ್ಟಲಾಗದೆ ಮರಳಿ ಬಂದವರನ್ನು ಗದರಿದ್ದೂ ಉಂಟು. ಈಗ ವಿಚಾರಿಸಿದರೆ ತಪ್ಪು ರೋಗಿಯದಷ್ಟೇ ಅಲ್ಲ, ನಮ್ಮ ಸಲಹೆಯದೂ ಹೌದೆನಿಸುತ್ತದೆ. ಏನನ್ನು ಬಿಡಬೇಕೆಂದು ಹೇಳಿದೆವು. ಆಸೆ ಕಾಡುವ ಆ ಗಳಿಗೆಯಲ್ಲಿ ಏನು ಮಾಡಬೇಕೆಂದು ಹೇಳಲಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ವೇಗಗಳನ್ನು ಎರಡಾಗಿ ವಿಂಗಡಿಸಿದೆ. ಮಲಮೂತ್ರ, ಹಸಿವು, ನೀರಡಿಕೆ, ನಿದ್ರೆ ಮೊದಲಾದ 13 ವೇಗಗಳನ್ನು ತಡೆಯಬಾರದು. ಲೋಭ, ಕ್ರೋಧ, ಈರ್ಷ್ಯೆ ಮೊದಲಾದವನ್ನು ತಡೆಯಬೇಕು. ಹೊಟ್ಟೆ ತುಂಬ ಉಂಡ ಅರ್ಧ ಗಂಟೆಗೇ ಸಿಹಿಯ ಡಬ್ಬಿಗೆ ಕೈ ಹೋಗುವುದು ಹಸಿವಿನಿಂದಲ್ಲ, ಲೋಭದಿಂದ. ಅದನ್ನು ತಡೆಯುವ ಶಕ್ತಿಯೇ ಧೃತಿ. ಧೃತಿಯೆಂದರೆ ಹಲ್ಲುಕಚ್ಚಿ ಕೂರುವುದೆಂದು ಹಲವರು ತಿಳಿದಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಮಿಷೆಲ್ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳ ಮುಂದೆ ತಿನಿಸುಗಳನ್ನಿಟ್ಟು, ಕಾದರೆ ಹೆಚ್ಚು ಇಷ್ಟವಾದುದು, ಕಾಯದಿದ್ದರೆ ಕಡಿಮೆ ಇಷ್ಟವಾದುದು ಸಿಗುವುದೆಂದರು. 1972ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಆಟಿಕೆ ದೊರೆತ ಮಕ್ಕಳು ಬಹಳ ಹೊತ್ತು ಕಾದರು. ಏನೂ ಇಲ್ಲದೆ ಕುಳಿತವರು ಬಲುಬೇಗ ಸೋತರು. 1981ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಪಾರಿವಾಳಗಳೂ, ಕುಕ್ಕಲು ಬೇರೊಂದು ಗುಂಡಿಯಿದ್ದಾಗ, ಹೆಚ್ಚು ಹೊತ್ತು ಕಾದವು. ಹಕ್ಕಿಗೆ ಸಂಯಮವನ್ನು ಬೋಧಿಸಿದವರಿಲ್ಲ. ಅದಕ್ಕೆ ದೊರೆತದ್ದು ಕೆಲಸ ಮಾತ್ರ.

ಆದ್ದರಿಂದ ಆಸೆ ಎದ್ದಾಗ ಡಬ್ಬಿಯನ್ನು ಕಣ್ಣಿಗೆ ಬೀಳದಂತೆ ಇಟ್ಟು, ಹತ್ತು ನಿಮಿಷ ಹೂ ಕಟ್ಟಿರಿ, ಅಕ್ಕಿ ಆರಿಸಿರಿ, ಗಿಡಗಳಿಗೆ ನೀರುಣಿಸಿರಿ. ‘ತಿನ್ನಬಾರದು, ತಿನ್ನಬಾರದು’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದು ಬೇಡ; ಅದು ತಿನಿಸನ್ನೇ ನೆನಪಿಸುತ್ತದೆ. ಅಡುಗೆಯಾಗುವ ಮೊದಲೇ ಕಾಡುವ ಮಗುವಿಗೆ ‘ಸುಮ್ಮನೆ ಕೂರು’ ಎನ್ನುವ ಬದಲು ಅವರೆಕಾಯಿ ಬಿಡಿಸಲು ಕೊಡಿರಿ.

ಒಂದು ಎಚ್ಚರಿಕೆ ಅವಶ್ಯ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ಸೇವಿಸುವವರು ಊಟದ ವೇಳೆಯನ್ನು ಮುಂದೂಡಬಾರದು. ಹಸಿವಿನೊಡನೆ ಬೆವರು, ನಡುಕ ಕಾಣಿಸಿದರೆ ಅದು ಲೋಭವಲ್ಲ. ತಡಮಾಡದೆ ಸಕ್ಕರೆಯನ್ನೋ ಬೆಲ್ಲವನ್ನೋ ಸೇವಿಸಿ, ಬಳಿಕ ವೈದ್ಯರನ್ನು ಕಾಣಬೇಕು.

ಈಚೆಗೆ ನಾವು ಪಥ್ಯದ ಚೀಟಿಯ ಕೊನೆಯಲ್ಲಿ ಒಂದು ಸಾಲನ್ನು ಖಾಲಿ ಬಿಡುತ್ತೇವೆ. ಆ ಹತ್ತು ನಿಮಿಷ ಕೈಗೆ ಯಾವ ಕೆಲಸವೆಂಬುದನ್ನು ರೋಗಿಯೇ ಅಲ್ಲಿ ಬರೆಯಬೇಕು. ಗದರುವುದನ್ನು ಬಿಟ್ಟಿದ್ದೇವೆ.