ಗಂಡಸಿನ ಗುಟ್ಟಿಗೆ ಕೋರ್ಟು, ಹೆಂಗಸಿನ ಗುಟ್ಟಿಗೆ ಮೊಬೈಲು

ಪಾಲಿಕೆ ಚುನಾವಣೆಯ ಮಾತೆತ್ತಿದರೆ ಸಾಕು, ಸ್ಟೇಟ್ ಬ್ಯಾಂಕ್ ಹತ್ತಿರದ ಚಾ ಅಂಗಡಿಯಲ್ಲಿ ಕಿಸೆಯಿಂದ ಮೊಬೈಲು ಹೊರಗೆ ಬರುತ್ತದೆ. ಟಿಕೆಟ್ ಕೇಳುವವ ಗಂಡಸಾದರೆ "ದುಡ್ಡು ಎಷ್ಟುಂಟು?" ಹೆಂಗಸಾದರೆ "ಗಂಡ ಯಾರು ಮಾರಾಯ್ರೆ? ಒಟ್ಟಿಗೆ ಇದ್ದಾರಾ?" ಅಷ್ಟರಲ್ಲಿ ಆಕೆಯ ಹಳೇ ಫೋಟೋ ಹತ್ತು ವಾಟ್ಸ್ಆಪ್ ಗುಂಪು ದಾಟಿಯಾಗಿರುತ್ತದೆ.

ನಮ್ಮವರ ನೆನಪು ಬಹಳ ಗಿಡ್ಡ. 2012ರ ಫೆಬ್ರವರಿಯಲ್ಲಿ ವಿಧಾನಸಭೆಯೊಳಗಿನ ಅಶ್ಲೀಲ ವಿಡಿಯೊ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರಲ್ಲ, ಅವರಲ್ಲೊಬ್ಬರು ನಮ್ಮ ಮಂಗಳೂರು ಉತ್ತರದ ಶಾಸಕ ಕೃಷ್ಣ ಪಾಲೆಮಾರ್. 2013ರಲ್ಲಿ ಪಕ್ಷ ಮತ್ತೆ ಅವರಿಗೇ ಟಿಕೆಟ್ ಕೊಟ್ಟಿತು, ಸೋಲಿಸಿದ್ದು ಮತದಾರ. ಇನ್ನೊಬ್ಬರು ಲಕ್ಷ್ಮಣ ಸವದಿ. 2018ರಲ್ಲಿ ಸೋತಿದ್ದರೂ 2019ರಲ್ಲಿ ಉಪಮುಖ್ಯಮಂತ್ರಿಯೇ ಆದರು! ಸದನದಲ್ಲಿ ಕೂತಾಗಿನ ಸಂಗತಿ ಖಾಸಗಿ ಅಂತ ಯಾರಾದರೂ ಹೇಳಿಯಾರೇ? ಆದರೂ ಕ್ಷಮೆ ಸಿಕ್ಕಿತು.

ಅದೇ 2019ರಲ್ಲಿ ಸುಮಲತಾ ಮಂಡ್ಯದಿಂದ ಪಕ್ಷೇತರರಾಗಿ ನಿಂತರು. ಅಂಬರೀಶ್ ತೀರಿಕೊಂಡದ್ದು ಹಿಂದಿನ ನವೆಂಬರಿನಲ್ಲಿ. ಗಂಡ ಸತ್ತು ತಿಂಗಳೆರಡಾಗಿಲ್ಲ, ಆಗಲೇ ರಾಜಕೀಯವೇ ಎಂಬರ್ಥದಲ್ಲಿ ಆಗಿನ ಮಂತ್ರಿ ಎಚ್.ಡಿ. ರೇವಣ್ಣ ಬಹಿರಂಗವಾಗಿ ಮಾತಾಡಿದರು. ಹೆಂಡತಿಯನ್ನು ಕಳಕೊಂಡ ಗಂಡಸು ನಿಂತಿದ್ದರೆ? 'ದುಃಖ ನುಂಗಿ ಜನಸೇವೆ' ಅಂತ ಬ್ಯಾನರು ಕಟ್ಟುತ್ತಿದ್ದರು. ಮಂಡ್ಯದವರು ಮಾತಾಡಲಿಲ್ಲ, ಆಕೆಯನ್ನು 1,25,876 ಮತಗಳಿಂದ ಗೆಲ್ಲಿಸಿದರು.

ಮರೆ ಬೇಕಾದಾಗ ಗಂಡಸರಿಗೆ ಕೋರ್ಟಿನ ದಾರಿ ಗೊತ್ತುಂಟು. 2021ರ ಮಾರ್ಚಿನಲ್ಲಿ ರಮೇಶ ಜಾರಕಿಹೊಳಿ ಸಿಡಿ ಹೊರಬಿದ್ದದ್ದೇ ತಡ, ಆರು ಮಂದಿ ಸಚಿವರು ತಮ್ಮ ಮಾನಹಾನಿ ಸುದ್ದಿ ಬರಬಾರದೆಂದು ಬೆಂಗಳೂರಿನಲ್ಲಿ ತಡೆಯಾಜ್ಞೆ ತಂದರು. 2024ರ ಏಪ್ರಿಲಿನಲ್ಲಿ, ಮತದಾನದ ಹೊತ್ತಿಗೆ, ಹಾಸನದಲ್ಲಿ ಪೆನ್‌ಡ್ರೈವ್ ಹರಿದಾಡಿತಲ್ಲ, ಆ ಹೆಣ್ಣುಮಕ್ಕಳ ಮುಖವನ್ನು ಹಂಚಿದವರು ಮುಚ್ಚಲೂ ಇಲ್ಲ. ಚುನಾವಣೆಗೆ ನಿಂತಿದ್ದದ್ದು ಪ್ರಜ್ವಲ್ ರೇವಣ್ಣ. ಮಾನ ಬೀದಿಗೆ ಬಂದದ್ದು ಅವರದ್ದು.

ಅಭ್ಯರ್ಥಿಯ ಕೇಸು, ಆಸ್ತಿ, ಸಾಲ, ಓದು ತಿಳಿಯುವ ಹಕ್ಕು ಮತದಾರನಿಗೆ ಉಂಟೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಅಫಿಡವಿಟ್ಟಿನಲ್ಲಿ ಅದೆಲ್ಲ ಇರುತ್ತದೆ. ಸಂಸಾರ ಹೇಗೆ ನಡೀತದೆ ಎಂಬ ಕಾಲಂ ಅದರಲ್ಲಿಲ್ಲ. ಇರುವ ಕಾಲಂ ಓದುವವರು ಎಷ್ಟು ಜನ, ಆ ಮಾತು ಬೇರೆ.

ನಮ್ಮ ಪಾಲಿಕೆಯ 60 ವಾರ್ಡುಗಳಲ್ಲಿ ಅರ್ಧ ಹೆಂಗಸರಿಗೆ ಮೀಸಲು. ಮೀಸಲು ಉಂಟು, ಬರುತ್ತಾರೆ. ಅದಿಲ್ಲದ ಲೋಕಸಭೆಗೆ ಇಲ್ಲಿಂದ ಇದುವರೆಗೆ ಒಬ್ಬ ಹೆಂಗಸೂ ಗೆದ್ದು ಹೋಗಿಲ್ಲ. ವಾರ್ಡಿಗೆ ನಿಲ್ಲುವ ಮನಸ್ಸಿರುವ ಒಬ್ಬ ಅಕ್ಕನನ್ನು ಮೊನ್ನೆ ಕೇಳಿದೆ, ತಯಾರಿ ಎಲ್ಲಿಗೆ ಬಂತು ಅಂತ. "ಮೊದಲು ಫೇಸ್‌ಬುಕ್ಕಿನಿಂದ ಮಗಳ ಫೋಟೋ ತೆಗೆಸ್ತಾ ಇದ್ದೇನೆ. ಕರಪತ್ರ ಆಮೇಲೆ" ಅಂದರು.