ಎದೆ ಭಾರವಾದರೆ ಮಂತ್ರಿಸಿದ ನೀರಷ್ಟೇ ಸಾಕೇ?

ಕರಾವಳಿ ಬಿಟ್ಟು ಬಂದು ಹಾವೇರಿ ಜಿಲ್ಲೆಯ ಕರ್ಜಗಿಯಲ್ಲಿ ಮದ್ರಸ ಕಲಿಸುತ್ತಿರುವ ನಮಗೆ ಕಳೆದ ವರ್ಷ ಒಬ್ಬ ಹುಡುಗನಿಂದ ದೊಡ್ಡ ಪಾಠವಾಯಿತು. ಅವನ ತಾಯಿ ಕರೆದುಕೊಂಡು ಬಂದಿದ್ದರು. "ಹಜರತ್, ರಾತ್ರಿ ನಿದ್ದಿ ಇಲ್ರೀ, ಎದಿ ಹಿಡದಂಗ ಆಗ್ತೈತಿ. ಇಸಿಜಿ ಮಾಡ್ಸಿದ್ರ ಏನೂ ಇಲ್ಲ ಅಂತಾರ." ನಾವು ನೀರು ಮಂತ್ರಿಸಿ ಕೊಟ್ಟೆವು. ಮತ್ತೆ ಬಂದಾಗಲೂ ಅದನ್ನೇ ಮಾಡಿದೆವು. ಮನೋವೈದ್ಯರ ಬಳಿ ಕಳಿಸಬೇಕಿತ್ತು ಎಂದು ಹೊಳೆಯುವಾಗ ಮೂರು ತಿಂಗಳು ಕಳೆದಿತ್ತು. ಆ ತಡ ನಮ್ಮದೇ ತಪ್ಪು.

ಇಸಿಜಿಯಲ್ಲಿ ಏನೂ ಇಲ್ಲ ಅಂದರೆ ಹುಡುಗ ನಾಟಕ ಮಾಡುತ್ತಿದ್ದಾನೆ ಅಂತಲ್ಲ. ಭಯವಾದಾಗ ಮೆದುಳಿನ ಅಮಿಗ್ಡಲಾ ಎಂಬ ಸಣ್ಣ ಭಾಗ ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರಿ ಎದೆ ಬಡಿತ ಏರುತ್ತದೆ, ಕೈ ತಣ್ಣಗಾಗುತ್ತದೆ, ಹೊಟ್ಟೆ ತೊಳಸುತ್ತದೆ. ಹಾವು ಕಂಡಾಗ ಇದು ಬೇಕು. ಹಾವಿಲ್ಲದೆಯೂ ದಿನಾ ಹೀಗಾದರೆ ಅದು ಕಾಯಿಲೆ, ಈಮಾನಿನ ಕೊರತೆಯಲ್ಲ.

ಮನಸ್ಸಿನ ಚಿಕಿತ್ಸೆ ಬರೀ ಮಾತೂ ಅಲ್ಲ. ಭಯ ಹುಟ್ಟಿಸುವ ಯೋಚನೆಯನ್ನು ಗುರುತಿಸಲು ಕಲಿಸುತ್ತಾರೆ. ಉಸಿರನ್ನು ನಿಧಾನವಾಗಿ ಬಿಟ್ಟರೆ ಎದೆ ಬಡಿತ ಇಳಿಯುತ್ತದೆ. ಬೆಳಗಿನ ಬೆಳಕು ನಿದ್ದೆಯ ಹೊತ್ತನ್ನು ಸರಿಮಾಡುತ್ತದೆ. ನಮ್ಮ ಹುಡುಗ ಗುಳಿಗೆ, ಆಪ್ತಸಮಾಲೋಚನೆಯ ಜೊತೆಗೆ ಸುಬಹಿ ಮುಗಿಸಿ ವರದಾ ನದಿ ದಂಡೆಗೆ ನಡೆಯತೊಡಗಿದ. ಈಗ ಕಾಲೇಜಿಗೆ ಹೋಗುತ್ತಿದ್ದಾನೆ, ಅಲ್‌ಹಮ್ದುಲಿಲ್ಲಾಹ್.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಸಾವಿರ ವರ್ಷಕ್ಕೂ ಹಿಂದೆ ಅಬೂ ಝೈದ್ ಅಲ್ ಬಲ್ಖಿ ಅವರು ದೇಹ ಮತ್ತು ಮನಸ್ಸಿನ ಆರೋಗ್ಯವನ್ನು ಒಂದೇ ಕಿತಾಬಿನಲ್ಲಿ ಬರೆದರು. ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ ಎಂದು ತಿಳಿಸಿದರು. ಸಿರಿಯಾದ ಅಲೆಪ್ಪೊದಲ್ಲಿ 1354ರಲ್ಲಿ ಕಟ್ಟಿದ ಅರ್ಗೂನ್ ಆಸ್ಪತ್ರೆಯಲ್ಲಿ ಮನೋರೋಗಿಗಳ ಕೋಣೆಗಳು ನೀರಿನ ಕಾರಂಜಿಯಿದ್ದ ಅಂಗಳದ ಸುತ್ತ ಇದ್ದವು.

ಹಾಗಿರುವಾಗ ನಾವೇಕೆ ಮುಚ್ಚಿಡುತ್ತೇವೆ? "ನಾಳೆ ಮದುವೆ ಮಾತುಕತೆಗೆ ತೊಂದರೆ" ಎಂಬ ಹೆದರಿಕೆ ನಮಗೆ ಮಕ್ಕಳಿಗಿಂತ ದೊಡ್ಡದಾಯಿತೇ?

ಮನೆಯವರು ಮೊದಲು ಬರುವುದು ಉಸ್ತಾದರ ಬಳಿಗೆ. ಆದ್ದರಿಂದ ಜವಾಬ್ದಾರಿಯೂ ನಮ್ಮದೇ. ದುಆ ಮಾಡೋಣ, ಅದೇ ದಿನ ಡಾಕ್ಟರರ ಬಳಿಗೂ ಕಳಿಸೋಣ. ಈ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ, ಮಂಗಳೂರಿನವರಿಗೆ ವೆನ್ಲಾಕ್ ಇದೆ. ಎಲ್ಲೂ ಹೋಗಲಾಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ, ಕನ್ನಡದಲ್ಲೇ, ಉಚಿತವಾಗಿ ಮಾತಾಡುತ್ತಾರೆ. ಆ ನಂಬರನ್ನು ನಮ್ಮ ಮದ್ರಸದ ಗೋಡೆಗೆ ಅಂಟಿಸಿದ್ದೇವೆ. ನಿಮ್ಮ ಜಮಾಅತ್‌ನಲ್ಲೂ ಅಂಟಿಸಿ.