ಮುಚ್ಚಿದ ಡಿಸ್ಟಿಲರಿಯ ವಿಸ್ಕಿ: ಬೆಲೆ ರುಚಿಗೋ, ಹೆಸರಿಗೋ?

1983ರಲ್ಲಿ ವಿಸ್ಕಿಗೆ ಬೇಡಿಕೆ ಕುಸಿದಿತ್ತು. ಸ್ಕಾಟ್ಲೆಂಡಿನ ಪೋರ್ಟ್ ಎಲೆನ್, ಬ್ರೋರಾ ಡಿಸ್ಟಿಲರಿಗಳು ಆ ವರ್ಷವೇ ಬಾಗಿಲು ಹಾಕಿದವು. 1993ರಲ್ಲಿ ರೋಸ್‌ಬ್ಯಾಂಕ್ ಸರದಿ. ಉಗ್ರಾಣದ ಪೀಪಾಯಿಗಳು ಮಾತ್ರ ಉಳಿದವು. ಅವುಗಳ ವಿಸ್ಕಿ ಇಂದು ಬಾಟಲಿಗೆ ಲಕ್ಷಗಟ್ಟಲೆ ರೂಪಾಯಿ. ತುಮಕೂರಿನ ಯಾವುದೋ ಮನೆಯ ಬೀರುವಿನಲ್ಲಿ ವಿದೇಶದಿಂದ ಬಂದ ಇಂಥದೊಂದು ಬಾಟಲಿ ಇದ್ದರೆ, ಅದನ್ನು ಬಿಚ್ಚಬೇಕೆ?

ಬಿಚ್ಚಬೇಕು ಎನ್ನುವವರ ಮಾತಿನಲ್ಲಿ ತೂಕವಿದೆ. ಹಳೆಯ ಪೋರ್ಟ್ ಎಲೆನ್‌ನಲ್ಲಿ ಪೀಟ್ ಎಂಬ ಜೌಗುಮಣ್ಣು ಸುಟ್ಟ ಹೊಗೆ ದಶಕಗಳಲ್ಲಿ ಮೆತ್ತಗಾಗಿ, ನಿಂಬೆಸಿಪ್ಪೆ, ಉಪ್ಪುಗಾಳಿ, ಒಲೆಬೂದಿಯ ಪರಿಮಳಗಳು ಒಂದೊಂದಾಗಿ ಮೇಲೇಳುತ್ತವೆ. ನಾಲ್ಕು ಹನಿ ನೀರು ಬಿದ್ದರೆ ಮತ್ತೊಂದು ಪದರ ತೆರೆಯುತ್ತದೆ. ಬ್ರೋರಾ ಮತ್ತೆ ಉರಿ ಹಚ್ಚಿದ್ದು 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ. ಆದರೆ ಪೋರ್ಟ್ ಎಲೆನ್‌ನ ಹಂಡೆಗಳು ಹೊಸದಾಗಿ ಮಾಡಿಸಿದವು. ಹಳೆಯ ರುಚಿ ಹಾಗೆಯೇ ಮರಳುತ್ತದೆಂದು ಯಾರೂ ಮಾತು ಕೊಡಲಾರರು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ಕಲಾವಿದರ ಹಾಡನ್ನು ಗ್ರಾಮಫೋನ್ ತಟ್ಟೆಯಿಂದ ಎಷ್ಟು ಸಲವಾದರೂ ಕೇಳಬಹುದು. ಇದು ಹಾಗಲ್ಲ, ಕುಡಿದರೆ ಮುಗಿಯಿತು. ಹಾಗಾಗಿಯೇ ಆ ಗುಟುಕಿಗೆ ಅಷ್ಟು ಗಮನ ಸಲ್ಲುತ್ತದೆ.

ವಯಸ್ಸಿಗೆ, ಅಭಾವಕ್ಕೆ ಇಷ್ಟು ಬೆಲೆ ಸಲ್ಲದು ಎನ್ನುವ ಇನ್ನೊಂದು ಪಕ್ಷವೂ ಗಟ್ಟಿಯಾಗಿದೆ. ವಿಸ್ಕಿ ಮಾಗುವುದು ಪೀಪಾಯಿಯಲ್ಲಿ, ಬಾಟಲಿಯಲ್ಲಲ್ಲ. ಇಪ್ಪತ್ತು ವರ್ಷ ಬೀರುವಿನಲ್ಲಿಟ್ಟರೂ ಅದರ ವಯಸ್ಸು ಒಂದು ದಿನವೂ ಹೆಚ್ಚುವುದಿಲ್ಲ. ಪೀಪಾಯಿಯಲ್ಲಿ ಕಾಲ ಮಿತಿಮೀರಿದರೆ ಮರದ ಒಗರು ಧಾನ್ಯದ ರುಚಿಯನ್ನೇ ನುಂಗಿಬಿಡುತ್ತದೆ. ವಯಸ್ಸಿನ ಲೆಕ್ಕವಂತೂ ನಮ್ಮ ಸೀಮೆಗೆ ಒಪ್ಪುವುದೇ ಇಲ್ಲ. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾದರೆ, ಬೆಂಗಳೂರಿನಲ್ಲಿ ಶೇ 10ರಿಂದ 12. ತುಮಕೂರಿನ ಹವೆಯೂ ಹೆಚ್ಚುಕಡಿಮೆ ಅದೇ. ಇಲ್ಲಿ ಮೂವತ್ತು ವರ್ಷ ಕಾದರೆ ಪೀಪಾಯಿಯಲ್ಲಿ ಉಳಿಯುವುದು ತೀರಾ ಅಲ್ಪ. ಬೆಂಗಳೂರಿನ ಅಮೃತ್ ಡಿಸ್ಟಿಲರಿ ಸಂಸ್ಥೆ 8 ವರ್ಷದ ವಿಸ್ಕಿಯನ್ನು 2013ರಲ್ಲಿ ಹೊರತಂದಾಗ ಅದೇ ದೊಡ್ಡ ವಯಸ್ಸು ಎನಿಸಿತ್ತು.

ಮುಚ್ಚಿದ್ದು ಎಂಬುದೇ ಹಿರಿಮೆಯೆ? ಇದಕ್ಕೆ ಉತ್ತರ ತುಮಕೂರು ಜಿಲ್ಲೆಯ ಕುಣಿಗಲ್ ಕಡೆಯಿಂದಲೇ ಸಿಗುತ್ತದೆ. ಅಲ್ಲಿನ ಕುದುರೆ ಸಾಕುವ ಸ್ಟಡ್ ಫಾರ್ಮನ್ನು 1992ರಲ್ಲಿ ಗುತ್ತಿಗೆ ಪಡೆದದ್ದು ವಿಜಯ್ ಮಲ್ಯ ಅವರ ಬಳಗ. ಅದೇ ಬಳಗ 2007ರಲ್ಲಿ ಸ್ಕಾಟ್ಲೆಂಡಿನ ವಿಸ್ಕಿ ಸಂಸ್ಥೆ ವೈಟ್ ಆ್ಯಂಡ್ ಮ್ಯಾಕೆಯನ್ನು ಕೊಂಡಿತು. 1995ರಿಂದ ನಿಂತಿದ್ದ ಅದರ ಟಾಮ್ನವುಲಿನ್ ಡಿಸ್ಟಿಲರಿ ಆ ವರ್ಷವೇ ಮತ್ತೆ ಶುರುವಾಯಿತು. ಹನ್ನೆರಡು ವರ್ಷ ಮುಚ್ಚಿದ್ದರೂ ಟಾಮ್ನವುಲಿನ್‌ಗೆ ಪೋರ್ಟ್ ಎಲೆನ್‌ನ ಬೆಲೆಯಾಗಲಿ ಹೆಸರಾಗಲಿ ಬರಲಿಲ್ಲ. ಬಾಗಿಲಿಗೆ ಬೀಗ ಬಿದ್ದ ಮಾತ್ರಕ್ಕೆ ರುಚಿ ಹುಟ್ಟುವುದಿಲ್ಲ, ನಿಜ. ಆದರೆ ಪೋರ್ಟ್ ಎಲೆನ್‌ನಲ್ಲಿ ರುಚಿಯೂ ಇತ್ತು, ಅಭಾವವೂ ಕೂಡಿಕೊಂಡಿತು. ಇವೆರಡರಲ್ಲಿ ಯಾವುದಕ್ಕೆ ಎಷ್ಟು ಬೆಲೆ ಎಂದು ಬಿಡಿಸಿ ಹೇಳುವುದು ಕಷ್ಟ.

ನನ್ನ ಮಟ್ಟಿಗೆ, ಸಾಲ ಮಾಡಿ ಕೊಳ್ಳುವ ಸರಕು ಇದಲ್ಲ. ಆ ಹಣದ ಒಂದು ಚೂರಿಗೆ ಅಮೃತ್ ಫ್ಯೂಷನ್ ಸಿಗುತ್ತದೆ, ಅದನ್ನು ಕುಡಿದವರು ಕಡಿಮೆಯದನ್ನು ಕುಡಿದಂತೇನೂ ಅಲ್ಲ. ಬಾಟಲಿ ತಾನಾಗಿ ಕೈಗೆ ಬಂದಿದ್ದರೆ ಮಾತು ಬೇರೆ. 700 ಮಿ.ಲೀ. ಎಂದರೆ 30 ಮಿ.ಲೀ.ನ ಇಪ್ಪತ್ತಮೂರು ಪೆಗ್ಗು. ಬಲ್ಲ ನಾಲ್ಕು ಜನರನ್ನು ಕರೆಯಿರಿ. ಹಳೆಯ ಬಿರಡೆ ಮುರಿಯಬಹುದು, ನಿಧಾನವಾಗಿ ತಿರುಗಿಸಿ. ಅರ್ಧ ಉಳಿದರೆ ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಿ, ಕೆಲವು ತಿಂಗಳೊಳಗೆ ಮುಗಿಸಿಬಿಡಿ. ಗಾಳಿ ಸೇರಿದ ಮೇಲೆ ಪರಿಮಳ ಹೆಚ್ಚು ದಿನ ಕಾಯುವುದಿಲ್ಲ.